ಗ್ರಾಫಿಕ್ಸ್ ಕಾರ್ಡು, ಹಳೇ ಪ್ರಾಸೆಸರ್ರು ಮತ್ತು ನನ್ನ ವಿಮಾನಯಾನ

ವಿಮಾನ ಓಡಿಸಿಯೇ ತೀರುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಕೊರಟಗೆರೆ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ, ಎರಡನೇ ಪ್ಲೇಟ್ ಇಡ್ಲಿಗೆ ಚಟ್ನಿ ಬರಲೆಂದು ಕಾಯುತ್ತಾ ಕೂತಿದ್ದಾಗ!

"ಅಶ್ವತ್ಥ, ಬರೆದಿಟ್ಕೋ. ಈ ತಿಂಗಳು ಮುಗಿಯೋದ್ರೊಳಗೆ ನಾನು ಆಕಾಶದಲ್ಲಿರ್ತೀನಿ."

ಎದುರು ಕೂತಿದ್ದ ಅಶ್ವತ್ಥ ಗಾಬರಿಯಾಗಿ ಕೈ ಮುಗಿದ. "ಅಂಗೆಲ್ಲ ಅನ್ಬೇಡ ಬುಡಣ್ಣ. ಅಕ್ಕಂಗೆ ಯಾರು ದಿಕ್ಕು?"

"ಲೇ, ಸಾಯೋದಲ್ಲ ಕಣ್ಲಾ! ವಿಮಾನ! ವಿಮಾನ ಓಡಿಸ್ತೀನಿ ಅಂದೆ!"

"ಓ, ವಿಮಾನನಾ? ಅಂಗಾದ್ರೆ ಮೊದ್ಲು ವಿಮೆ ಮಾಡ್ಸು."

ನನ್ನ ಹೆಸರು ತಿಪ್ಪೇಶ್. ಸರ್ಕಾರಿ ಬಸ್ಸಿನ ಡ್ರೈವರ್. ಇಪ್ಪತ್ತೆರಡು ವರ್ಷದಿಂದ ಕೊರಟಗೆರೆ, ಮಧುಗಿರಿ, ಪಾವಗಡ ರೂಟಿನಲ್ಲಿ ಹೋಗುತ್ತಾ ಬರುತ್ತಾ ಇದ್ದೇನೆ. ಅಶ್ವತ್ಥ ನನ್ನ ಕಂಡಕ್ಟರ್. ಹನ್ನೊಂದು ವರ್ಷದಿಂದ ನನ್ನ ಬೆನ್ನ ಹಿಂದೆ ಸೀಟಿ ಊದುತ್ತಿದ್ದಾನೆ. ಇಷ್ಟು ವರ್ಷದಲ್ಲಿ ನನ್ನ ಬಸ್ಸು ಒಂದು ಕುರಿಗೂ ತಾಗಿಲ್ಲ. ಪಾವಗಡದ ದಾರಿಯಲ್ಲಿ ಕುರಿಮಂದೆಗಳು ರಸ್ತೆಯನ್ನು ಹೇಗೆ ತುಂಬಿಕೊಂಡು ಬರುತ್ತವೆ ಎಂಬುದನ್ನು ಕಂಡವರಿಗೆ ಇದು ಎಂಥ ಸಾಧನೆ ಎಂದು ಗೊತ್ತಾಗುತ್ತದೆ. ಅಂಥ ಕೈಗೆ ವಿಮಾನ ಯಾವ ಲೆಕ್ಕ? ಅಲ್ಲಿ ಮೇಲೆ ಕುರಿ ಇಲ್ಲ, ಟ್ರ್ಯಾಕ್ಟರ್ ಇಲ್ಲ, ರಸ್ತೆ ಮೇಲೆ ರಾಗಿ ತೆನೆ ಹರಡುವವರಿಲ್ಲ!

ಈ ಹುಚ್ಚು ನನಗೆ ಹತ್ತಿದ್ದು ಬೆಳಗಿನ ಮೊದಲ ಟ್ರಿಪ್ಪಿನಿಂದ. ಮಾಗಿಯಲ್ಲಿ ಸಿದ್ದರಬೆಟ್ಟದ ಕಡೆಯಿಂದ ಮಂಜು ಇಳಿದು ಬಂದು ಹೊಲದ ಮೇಲೆ ಮಲಗಿಬಿಡುತ್ತದೆ. ಹಿಂದೆ ಪ್ಯಾಸೆಂಜರ್‌ಗಳೆಲ್ಲ ಕಿಟಕಿಗೆ ತಲೆ ಆನಿಸಿ ನಿದ್ದೆ. ಅಶ್ವತ್ಥನೂ ನಿದ್ದೆ. ಬಸ್ಸಿನ ಕೆಳಗೆ ರಸ್ತೆ ಇದೆ ಅನ್ನುವುದೇ ಮರೆತುಹೋಗುತ್ತದೆ. ಆ ಹೊತ್ತಿನಲ್ಲಿ ನನಗೊಂದು ಕನಸು. ಕಣ್ಣು ತೆರೆದೇ ಕಾಣುವ ಕನಸು, ಗಾಬರಿಯಾಗಬೇಡಿ. ಸ್ಟಿಯರಿಂಗನ್ನು ಎದೆಗೆ ಎಳೆದುಕೊಳ್ಳುತ್ತೇನೆ. ಬಸ್ಸು ಮೆಲ್ಲಗೆ ಏಳುತ್ತದೆ. ಹುಣಸೆಮರಗಳು ಕೆಳಗೆ ಉಳಿಯುತ್ತವೆ. ಮಧುಗಿರಿ ಬೆಟ್ಟದ ನೆತ್ತಿಯ ಕೋಟೆಗೋಡೆ ಬಸ್ಸಿನ ಗಾಲಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ಹತ್ತಿರ ಹಾದುಹೋಗುತ್ತದೆ. ಕುರಿಮಂದೆ ಯಾರೋ ಚೆಲ್ಲಿದ ಮಂಡಕ್ಕಿಯಂತೆ ಕಾಣುತ್ತದೆ. ಆಮೇಲೆ ಪಾವಗಡದ ಸೋಲಾರ್ ಫಲಕಗಳು, ಬಂಡೆಗಳ ನಡುವೆ ಯಾರೋ ನೀಲಿ ಸೀರೆಗಳನ್ನು ಸಾಲಾಗಿ ಒಣಹಾಕಿದ ಹಾಗೆ. ಎಲ್ಲೂ ಸದ್ದಿಲ್ಲ. ಯಾರೂ ಚಿಲ್ಲರೆ ಕೇಳುವುದಿಲ್ಲ. ಯಾರೂ "ಇಲ್ಲೇ ಗೇಟ್ ಹತ್ರ ನಿಲ್ಸಿ" ಅನ್ನುವುದಿಲ್ಲ.

ಇದನ್ನೆಲ್ಲ ಹೇಳಿದ ಮೇಲೆ ಅಶ್ವತ್ಥ ಇಡ್ಲಿ ನುಂಗಿ, "ಅಣ್ಣ, ಇದಕ್ಯಾಕೆ ಇಷ್ಟು ಒದ್ದಾಟ? ಸಿರಾದಾಗೆ ನಮ್ಮ ಭಾವಮೈದ ಯೋಗೀಶ ಅವ್ನೆ. ದಿನಾ ಕಂಪ್ಯೂಟರ್‌ನಾಗೆ ವಿಮಾನ ಓಡಿಸ್ತಾನೆ. ಹಿಮಾಲಯ, ಲಂಡನ್, ಎಲ್ಲಿಗ್ ಬೇಕಾದ್ರೂ. ನಿಮ್ಮನೇಲಿ ಹೆಂಗೂ ಕಂಪ್ಯೂಟರ್ ಐತಲ್ಲ! ಅದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಮುಗೀತು. ಚಿತ್ರ ಬಿಡಿಸೋ ಕಾರ್ಡು ಅದು" ಎಂದ.

ಮನೆಯಲ್ಲಿ ಕಂಪ್ಯೂಟರ್ ಇರುವುದು ನಿಜ. ಆದರೆ ಅದು ನನ್ನದಲ್ಲ, ನನ್ನ ಹೆಂಡತಿ ವೇದಾವತಿಯದು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ನಾಮಕರಣದ ಕಾರ್ಡು, ಅರ್ಜಿ, ಬಯೋಡೇಟಾ, ಎಲ್ಲ ಟೈಪ್ ಮಾಡಿಕೊಡುತ್ತಾಳೆ. ಕಂಪ್ಯೂಟರಿಗೆ ಹನ್ನೆರಡು ವರ್ಷ ವಯಸ್ಸು. ಬೆಳಿಗ್ಗೆ ಒತ್ತಿದರೆ ಕಾಫಿ ಕಾಯಿಸಿ, ಸೋಸಿ, ಕುಡಿದು, ಲೋಟ ತೊಳೆದು ಬರುವಷ್ಟರಲ್ಲಿ ಎಚ್ಚರಗೊಳ್ಳುತ್ತದೆ. ಆದರೂ ವೇದಾ ಅದಕ್ಕೆ ದಿನಾ ಧೂಳು ಒರೆಸಿ, ಹಣೆಗೆ ಕುಂಕುಮ ಇಟ್ಟು, ಆಮೇಲೇ ಕೆಲಸ ಶುರು ಮಾಡುವುದು.

ಕಾರ್ಡಿನ ಬೆಲೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಇದನ್ನು ಟೈಪ್ ಮಾಡುತ್ತಿರುವವಳು ಅವಳೇ. ಯೋಗೀಶನೇ ಬೆಂಗಳೂರಿನಿಂದ ತರಿಸಿ, ಸಿರಾದಿಂದ ಬಸ್ಸಿನಲ್ಲಿ ಕಳಿಸುವುದೆಂದು ಮಾತಾಯಿತು. ಅದು ಬರುವ ಹಿಂದಿನ ದಿನ ನಾನು ಮನೆಯಲ್ಲಿ ಭೂಮಿಕೆ ಸಿದ್ಧಪಡಿಸಿದೆ.

"ವೇದಾ, ನಾಳೆ ಮನೆಗೊಂದು ಕಾರ್ಡ್ ಬರುತ್ತೆ."

"ಯಾರ ಮದುವೇದು?"

"ಮದುವೇದಲ್ಲ..."

"ಗೃಹಪ್ರವೇಶದ್ದಾ? ಪೇಪರ್ ಚೆನ್ನಾಗಿದ್ರೆ ಸ್ಯಾಂಪಲ್‌ಗೆ ಇಟ್ಕೋತೀನಿ."

"ತುಂಬಾ ದಪ್ಪ ಇದೆ ಅಂತೆ" ಅಂದೆ. ಸುಳ್ಳೇನೂ ಹೇಳಲಿಲ್ಲವಲ್ಲ!

ಶುಕ್ರವಾರ ನನಗೆ ವಾರದ ರಜೆ. ವೇದಾ ಪಕ್ಕದ ಮನೆ ಸರೋಜಮ್ಮನವರ ಜೊತೆ ಗೊರವನಹಳ್ಳಿ ಲಕ್ಷ್ಮಿ ದರ್ಶನಕ್ಕೆ ಹೊರಟಳು. ಹೊಸಿಲು ದಾಟಿದವಳು ತಿರುಗಿ ನಿಂತಳು.

"ರೀ, ಅನ್ನ ಸಾರು ಮಾಡಿಟ್ಟಿದೀನಿ. ಹನ್ನೆರಡಕ್ಕೆಲ್ಲ ಬಂದ್ಬಿಡ್ತೀನಿ. ಕಂಪ್ಯೂಟರ್ ಮಾತ್ರ ಮುಟ್ಟಬೇಡಿ. ಮೇಷ್ಟ್ರ ಪುಸ್ತಕ ನಿನ್ನೆ ಮುಗೀತು. ಸಂಜೆಯೊಳಗೆ ಪ್ರೆಸ್ಸಿನವರಿಗೆ ಕಳಿಸ್ಬೇಕು."

ಮೇಷ್ಟ್ರು ಅಂದರೆ ಸಂಜೀವಯ್ಯ ಮೇಷ್ಟ್ರು. ನನಗೆ ಅ ಆ ಇ ಈ ತಿದ್ದಿಸಿದವರು. ಎಂಬತ್ತೆರಡು ವರ್ಷ. ಜೀವಮಾನವೆಲ್ಲ ಸಿದ್ದರಬೆಟ್ಟ ಹತ್ತಿ ಇಳಿದು, ಅಲ್ಲಿನ ಒಂದೊಂದು ಗಿಡ, ಬೇರು, ಬಳ್ಳಿಯನ್ನೂ ಬಲ್ಲವರು. ಈಗ ಕಣ್ಣು ಮಂಜು. ಬರೆಯಲು ಆಗುವುದಿಲ್ಲ. ಆರು ತಿಂಗಳಿಂದ ದಿನಾ ಸಂಜೆ ಬಂದು ವೇದಾಳ ಪಕ್ಕ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಬೆಟ್ಟ ಹತ್ತುತ್ತಾ ಹತ್ತುತ್ತಾ ಹೇಳುವರು. ಅವಳು ಟೈಪ್ ಮಾಡುವಳು. ಆ ಪುಸ್ತಕ ಕಾಗದದಲ್ಲಿ ಎಲ್ಲೂ ಇರಲಿಲ್ಲ. ಮೇಷ್ಟ್ರ ತಲೆಯಲ್ಲಿತ್ತು, ಆಮೇಲೆ ಈ ಕಂಪ್ಯೂಟರಿನಲ್ಲಿತ್ತು.

"ನಾನ್ಯಾಕೆ ಮುಟ್ಲಿ?" ಅಂದೆ. ಅವಳು ಬೀದಿ ತಿರುವು ದಾಟುವ ಮೊದಲೇ ನನ್ನ ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು! ಸ್ಕ್ರೂ ಡ್ರೈವರ್ ಹಿಡಿದ ಬಸ್ ಡ್ರೈವರ್! ಎಂಟು ಗಂಟೆಗೆ ಪಾರ್ಸೆಲ್ ಬಿಡಿಸಿಕೊಂಡು ಬಂದು, ಅದರ ಮೇಲೆ ಸೋಫಾದ ಕವರ್ ಹೊದಿಸಿ ಇಟ್ಟಿದ್ದೆ.

ಪೆಟ್ಟಿಗೆ ಬಿಚ್ಚಿದೆ. ಆಹಾ! ಅದು ಕಾರ್ಡೇ? ಕಾರ್ಡ್ ಅಂದರೆ ಜೇಬಿಗೆ ಹೋಗಬೇಕು. ರೇಷನ್ ಕಾರ್ಡು, ಆಧಾರ್ ಕಾರ್ಡು ಹೋಗುವುದಿಲ್ಲವೇ? ಇದು ಇಟ್ಟಿಗೆಯಷ್ಟು ದಪ್ಪ, ಲಟ್ಟಣಿಗೆಯಷ್ಟು ಉದ್ದ, ಅದರ ಮೈಮೇಲೆ ಎರಡು ಫ್ಯಾನು! ನಮ್ಮ ಮನೆಯಲ್ಲಿ ಮನುಷ್ಯರಿಗೇ ಒಂದು ಫ್ಯಾನು.

ಕಂಪ್ಯೂಟರಿನ ಪಕ್ಕೆ ಬಿಚ್ಚಿ ಒಳಗಿಟ್ಟು ನೋಡಿದೆ. ಅರ್ಧ ಹೋಯಿತು, ಮುಂದೆ ತಡೆಯಿತು. ಒಳಗೆ ಹಾರ್ಡ್ ಡಿಸ್ಕನ್ನು ಹಿಡಿದುಕೊಂಡಿದ್ದ ತಗಡಿನ ಗೂಡು ಅಡ್ಡ. ಎದುರು ಬಂದ ಲಾರಿಗೆ ಹಿಂದೆ ಹೋಗು ಅಂದ ಹಾಗೆ ಆ ಗೂಡಿಗೆ ಎರಡು ಸಲ ಗದರಿಸಿ ಹೇಳಿದೆ. ಕೇಳಲಿಲ್ಲ. ಕೊನೆಗೆ ಹಾರ್ಡ್ ಡಿಸ್ಕನ್ನು ಜೋಪಾನವಾಗಿ ಬಿಚ್ಚಿ, ವೈರಿನ ಜೊತೆಗೇ ಪಕ್ಕಕ್ಕೆ ಸರಿಸಿ, ಮೃದುವಾದ ಟವೆಲ್ ಹೊದಿಸಿ, ಗೂಡಿಗೆ ಆಕ್ಸಾ ಬ್ಲೇಡ್ ಹಾಕಿದೆ. ಕರ್ರ್... ಕರ್ರ್... ಆ ಸದ್ದಿನಲ್ಲೂ ನನಗೆ ಕೇಳಿಸಿದ್ದು ಎಂಜಿನ್ನಿನ ಮೊರೆತವೇ. ಮೈಯೆಲ್ಲ ತಗಡಿನ ಪುಡಿ, ಮನಸ್ಸೆಲ್ಲ ಮೋಡ.

ಗೂಡು ಹೋಯಿತು. ಕಾರ್ಡು ಕೂತಿತು. ಆದರೆ ಅದಕ್ಕೆ ಕರೆಂಟು ಕೊಡುವ ಪಿನ್ನು ಹಳೆಯ ಪವರ್ ಸಪ್ಲೈ ಡಬ್ಬಿಯಲ್ಲಿ ಇಲ್ಲ. ಯೋಗೀಶ ಜಾಣ, ದೊಡ್ಡ ಡಬ್ಬಿಯೊಂದನ್ನು ಜೊತೆಗೇ ಕಳಿಸಿದ್ದ. ಅದರ ವೈರುಗಳನ್ನು ಹಿಡಿದೆ. ಒಂದು ಪಿನ್ನಿಗೆ ಕೆಂಪು, ಒಂದಕ್ಕೆ ಕಪ್ಪು, ಒಂದು ಗುಂಪಿಗೆ ಎಂಟು, ಇನ್ನೊಂದಕ್ಕೆ ಆರು. ಎಲ್ಲಿ ಹೋಗುತ್ತದೋ ಅಲ್ಲಿ ತುರುಕಿದೆ. ದೇವರನ್ನು ನೆನೆದು ಸ್ವಿಚ್ ಹಾಕಿದೆ.

ಟಪ್!

ಮನೆಯ ಫ್ಯಾನು ನಿಂತಿತು. ಫ್ರಿಜ್ಜು ಒಂದು ಸಲ ನರಳಿ ಮೌನವಾಯಿತು. ಫ್ಯೂಸ್! ಸ್ಟೂಲ್ ಹತ್ತಿ ಫ್ಯೂಸ್ ಕಟ್ಟಿದೆ. ಪಿನ್ನುಗಳನ್ನು ಅದಲು ಬದಲು ಮಾಡಿದೆ. ಮತ್ತೆ ಸ್ವಿಚ್.

ಈ ಸಲ ಏನು ಹೇಳಲಿ! ಕಾರ್ಡಿನ ಒಡಲಲ್ಲಿ ಕೆಂಪು, ನೀಲಿ, ಹಸಿರು ದೀಪಗಳು ಹರಿದಾಡಿದವು. ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟು ನನ್ನ ಮನೆಯಲ್ಲೇ! ಎರಡೂ ಫ್ಯಾನು ಗಿರ್ರನೆ ತಿರುಗಿದವು. ತಗಡಿನ ಪುಡಿಯೂ ಹಾರಿತು. ನಾನು ಸೀಟಿನಲ್ಲಿ ಬೆನ್ನು ನೇರ ಮಾಡಿ ಕೂತೆ. ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಬಂತು. ಇಂಗ್ಲಿಷಿನಲ್ಲಿ. ಹಾರ್ಡ್ ಡಿಸ್ಕ್ ಇಲ್ಲ, ಎಲ್ಲಿ? ಎಂದು ಅದು ಕೇಳುತ್ತಿತ್ತು.

ಟವೆಲ್ ತೆಗೆದು ನೋಡಿದೆ. ಡಿಸ್ಕ್ ಅಲ್ಲೇ ಇದೆ. ವೈರೂ ಇದೆ. ಆರಿಸಿದೆ, ಹಾಕಿದೆ. ಅದೇ ಸಾಲು. ತಟ್ಟಿದೆ, ಊದಿದೆ, ಕುಂಕುಮವನ್ನೂ ಇಟ್ಟೆ. ಅದೇ ಸಾಲು.

ಅಷ್ಟರಲ್ಲಿ ಬಾಗಿಲಲ್ಲಿ ವೇದಾ. ಕೈಯಲ್ಲಿ ಪ್ರಸಾದ, ತಲೆಯಲ್ಲಿ ಮಲ್ಲಿಗೆ. ಕೋಣೆಯೆಲ್ಲ ಒಂದು ಸಲ ನೋಡಿದಳು. ತಗಡಿನ ಚೂರು, ಆಕ್ಸಾ ಬ್ಲೇಡು, ಟವೆಲ್ಲು, ದೀಪ ಬಿಡುತ್ತಿರುವ ಇಟ್ಟಿಗೆ.

"ಏನ್ರೀ ಇದು?"

"ಕಾರ್ಡು..."

"ಯಾರ ತಿಥಿದು?"

ಅವಳು ಪರದೆಯ ಸಾಲನ್ನು ಓದಿದಳು. ಪ್ರಸಾದವನ್ನು ಮೇಜಿನ ಮೇಲೆ ಇಟ್ಟಳು. ದನಿ ತಗ್ಗಿತು. ವೇದಾಳ ದನಿ ಏರಿದರೆ ನಾನು ಹೆದರುವುದಿಲ್ಲ. ತಗ್ಗಿದರೆ ಹೆದರುತ್ತೇನೆ.

"ಮೇಷ್ಟ್ರ ಪುಸ್ತಕ?"

"ನೀನು ಅದನ್ನ ಪೆನ್ ಡ್ರೈವ್‌ಗೆ ಹಾಕಿಟ್ಟಿರ್ತೀಯಲ್ಲ! ಆ ಹಸಿರು ಪೆನ್ ಡ್ರೈವ್..." ಎಂದು ಧೈರ್ಯ ಹೇಳಲು ಶುರು ಮಾಡಿದವನು ನಡುವೆ ನಿಂತುಬಿಟ್ಟೆ. ಹಸಿರು ಪೆನ್ ಡ್ರೈವ್. ವಿಮಾನದ ಆಟ ತುಂಬಿಸಲಿ ಎಂದು ಯೋಗೀಶನಿಗೆ ಕಳಿಸಿದ್ದು, ಇವತ್ತು ಪಾರ್ಸೆಲ್ಲಿನಲ್ಲಿ ವಾಪಸ್ ಬಂದದ್ದು ಅದೇ. ಜಾಗ ಸಾಲದು ಎಂದು ಅವನು ಫೋನು ಮಾಡಿ ಕೇಳಿದಾಗ, "ಅದರಲ್ಲಿರೋದೆಲ್ಲ ಅಳಿಸಾಕು ಮಾರಾಯ" ಅಂದಿದ್ದವನು ನಾನೇ.

ಇದನ್ನು ಹೇಳಿ ಮುಗಿಸಿದ ಮೇಲೆ ವೇದಾ ಕುರ್ಚಿಯ ಮೇಲೆ ಕೂತಳು. ಬೈಯಲಿಲ್ಲ. ಪಕ್ಕದಲ್ಲಿದ್ದ ಮೇಷ್ಟ್ರ ಕುರ್ಚಿಯ ಕೈ ಮೇಲೆ ಕೈ ಇಟ್ಟುಕೊಂಡು, "ಅವರಿಗೆ ಇನ್ನೊಂದು ಸಲ ಬೆಟ್ಟ ಹತ್ತೋಕಾಗುತ್ತೇನ್ರೀ?" ಅಂದಳು.

ನಾನು ಮಂಚದ ಬೆಡ್‌ಶೀಟ್ ಎಳೆದು ತಂದು ನೆಲದ ಮೇಲೆ ಹಾಸಿದೆ.

ಮಧುಗಿರಿಯಲ್ಲಿ ರೇಣುಕಯ್ಯ ಅಂತ ಒಬ್ಬರಿದ್ದಾರೆ. ಮೊದಲು ರೇಡಿಯೋ ರಿಪೇರಿ, ಆಮೇಲೆ ಟಿವಿ, ಈಗ ಕಂಪ್ಯೂಟರ್. ವೇದಾ ಈ ಕಂಪ್ಯೂಟರನ್ನು ಕೊಂಡಿದ್ದೂ ಅವರ ಬಳಿಯೇ. ಎಲ್ಲವನ್ನೂ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಕೊಂಡು ನಿಲ್ದಾಣಕ್ಕೆ ಓಡಿದೆವು. ಬಂದ ಬಸ್ಸು ನನ್ನದೇ! ನನ್ನ ಸೀಟಿನಲ್ಲಿ ರಜೆಗೆ ಬದಲಿ ಬಂದ ಡ್ರೈವರ್. ಬಾಗಿಲಲ್ಲಿ ಅಶ್ವತ್ಥ.

"ಏನಣ್ಣ, ಹಾರ್ತಾ ಇದ್ಯಾ?"

"ಮುಚ್ಕೊಂಡು ಟಿಕೆಟ್ ಕೊಡ್ಲಾ."

"ಎರಡು ಮಧುಗಿರಿ. ಈ ಗಂಟಿಗೆ ಲಗೇಜ್ ಟಿಕೆಟ್ ತಗೋಬೇಕಣ್ಣ. ರೂಲ್ಸು" ಎಂದು, ಹನ್ನೊಂದು ವರ್ಷದ ಸ್ನೇಹವನ್ನು ಟಿಕೆಟ್ ಮಿಷನ್ನಿನಲ್ಲಿ ಟರ್ ಎಂದು ಹರಿದು ಕೈಗೆ ಕೊಟ್ಟ!

ಪಕ್ಕದ ಸೀಟಿನಲ್ಲಿ ಮಡಿಲಲ್ಲಿ ಕುರಿಮರಿ ಇಟ್ಟುಕೊಂಡ ಅಜ್ಜಿ ಈರಕ್ಕ. ನಮ್ಮ ರೂಟಿನ ಖಾಯಂ ಪ್ಯಾಸೆಂಜರ್. ನಮ್ಮ ಗಂಟನ್ನೇ ನೋಡಿದಳು.

"ಅದ್ರಾಗೆ ಏನೈತಮ್ಮ? ಕೋಳಿನಾ?"

"ಕಂಪ್ಯೂಟರ್ ಅಜ್ಜಿ" ಅಂದಳು ವೇದಾ.

"ಅಯ್ಯೋ, ಕಾಯ್ಲೆನಾ? ಏನ್ ತಿನ್ಸಿದ್ರಿ?"

"ನಾನಲ್ಲ ಅಜ್ಜಿ, ಇವ್ರು. ವಯಸ್ಸಾಗಿರೋ ಜೀವಕ್ಕೆ ಸಿಕ್ಕಿದ್ದೆಲ್ಲ ತುರುಕಿದ್ರು. ಅರಗ್ಲಿಲ್ಲ."

ಈರಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ಕುರಿಮರಿಯನ್ನು ಆಚೆ ಬದಿಗೆ ಇಟ್ಟುಕೊಂಡಳು.

ರೇಣುಕಯ್ಯನವರ ಅಂಗಡಿ ಮುಟ್ಟಿದಾಗ ಮಧ್ಯಾಹ್ನ ಎರಡು. ಅವರು ಕನ್ನಡಕ ಏರಿಸಿ, ಗಂಟು ಬಿಚ್ಚಿ, ಒಳಗೆ ಇಣುಕಿದರು. "ಇದುನ್ನ ರಿಪೇರಿ ಮಾಡಿದ್ದಾ, ಕುಯ್ದಿದ್ದಾ?" ಎಂದರು.

ವೇದಾ ಮೇಷ್ಟ್ರ ಪುಸ್ತಕದ ಕತೆ ಹೇಳಿದಳು. ರೇಣುಕಯ್ಯ ಡಿಸ್ಕನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಹಿಡಿದರು. ಬೆಳಕಿಗೆ ಹಿಡಿದರು. ಆಮೇಲೆ ಅದರಿಂದ ನೇತಾಡುತ್ತಿದ್ದ ಕೆಂಪು ವೈರನ್ನು ಬೆರಳಲ್ಲಿ ಸವರುತ್ತಾ ಬಂದವರು ಒಂದು ಕಡೆ ನಿಂತರು. ಮುಗುಳ್ನಕ್ಕರು.

"ತಿಪ್ಪೇಶ, ಆಕ್ಸಾ ಬ್ಲೇಡ್ ಹಾಕ್ದಾಗ ಗೂಡೊಂದೇ ಅಲ್ಲ ಕಣಪ್ಪ, ಈ ವೈರ್ನೂ ಅರ್ಧ ಕುಯ್ದಾಕಿದೀಯ. ಡಿಸ್ಕ್‌ಗೆ ಏನೂ ಆಗಿಲ್ಲ ಬುಡು."

ಡ್ರಾಯರಿನಿಂದ ಬೇರೆ ವೈರು ತೆಗೆದು ಚುಚ್ಚಿದರು. ಒಂದು ನಿಮಿಷ. ಎರಡು ನಿಮಿಷ. ಮೂರನೇ ನಿಮಿಷಕ್ಕೆ ವೇದಾಳ ಹಳೇ ಪರದೆ, ಅವಳು ಇಟ್ಟುಕೊಂಡಿದ್ದ ಗೊರವನಹಳ್ಳಿ ಲಕ್ಷ್ಮಿ ಚಿತ್ರ, ಸಾಲು ಸಾಲು ಮದುವೆ ಕಾರ್ಡುಗಳು, ಮೂಲೆಯಲ್ಲಿ 'ಮೇಷ್ಟ್ರು ಬೆಟ್ಟ' ಎಂಬ ಹೆಸರು. ಅವಳು ತೆರೆದಳು. ಮೊದಲ ಸಾಲು ಬಂತು: 'ಮಳೆ ಬಿದ್ದ ಮರುದಿನ ಬೆಟ್ಟ ಹತ್ತಬೇಕು, ಆಗ ಗಿಡಗಳು ತಾವೇ ಮಾತಾಡಿಸುತ್ತವೆ.' ವೇದಾ ಸೆರಗಿನಿಂದ ಕಣ್ಣೊರೆಸಿಕೊಂಡು ಅಲ್ಲಿಂದಲೇ ಪ್ರೆಸ್ಸಿನವರಿಗೆ ಪುಸ್ತಕ ಕಳಿಸಿದಳು. ಮೂರು ಹೊಸ ಪೆನ್ ಡ್ರೈವ್ ತೆಗೆದುಕೊಂಡು ಮೂರಕ್ಕೂ ತುಂಬಿದಳು. ಮೂರನ್ನೂ ತನ್ನ ಪರ್ಸಿಗೆ ಹಾಕಿ, ಪರ್ಸನ್ನು ನನ್ನಿಂದ ಆಚೆಗೆ ಇಟ್ಟುಕೊಂಡಳು. ಈರಕ್ಕನಿಂದ ಕಲಿತದ್ದಿರಬೇಕು.

ಜೀವ ಬಂದ ಮೇಲೆ ನನ್ನ ಹುಚ್ಚೂ ಬಂತು. ತಲೆ ಕೆರೆದುಕೊಂಡು, "ರೇಣುಕಣ್ಣ, ಕಾರ್ಡ್ ಹೆಂಗೂ ಕೂತೈತೆ. ಒಂದೇ ಒಂದ್ಸಲ ವಿಮಾನ..." ಅಂದೆ. ವೇದಾ ನನ್ನನ್ನು ನೋಡಿದ ನೋಟಕ್ಕೆ ಕಾರ್ಡಿನ ದೀಪವೂ ಮಂಕಾಯಿತು. ಆದರೆ ರೇಣುಕಯ್ಯನವರಿಗೇ ಆ ಕಾರ್ಡಿನ ಮೇಲೆ ಆಸೆ ಬಂದಿತ್ತು. "ನೋಡುವ ಬುಡಮ್ಮ" ಎಂದು ಗಂಟಿನಲ್ಲಿದ್ದ ಹಸಿರು ಪೆನ್ ಡ್ರೈವ್ ಚುಚ್ಚಿ ಆಟ ಹಾಕಿದರು.

ಆಹಾ, ರನ್‌ವೇ! ಆ ಹೊಳಪು, ಆ ಆಕಾಶ! ವಿಮಾನದ ರೆಕ್ಕೆಯ ಮೇಲಿನ ತಿರುಪು ಕೂಡ ಎಣಿಸಬಹುದು. ಗುಂಡಿ ಒತ್ತಿದೆ. ವಿಮಾನ ಹೊರಟಿತು. ಹೊರಟು... ನಿಂತಿತು. ಮತ್ತೆ ಸ್ವಲ್ಪ ಮುಂದೆ ಕಾಣಿಸಿಕೊಂಡಿತು. ನಿಂತಿತು. ಮದುವೆ ಆಲ್ಬಮ್ಮಿನ ಫೋಟೋ ತಿರುವಿ ಹಾಕಿದ ಹಾಗೆ! ನಾನು ಎಡಕ್ಕೆ ತಿರುಗಿಸಿದೆ, ಏನೂ ಆಗಲಿಲ್ಲ. ಇನ್ನಷ್ಟು ತಿರುಗಿಸಿದೆ, ಏನೂ ಆಗಲಿಲ್ಲ. ಪೂರ್ತಿ ತಿರುಗಿಸಿದೆ. ಆಗ ಮೂರೂ ಒಟ್ಟಿಗೆ ಆಗಿ ವಿಮಾನ ಹುಲ್ಲಿನಲ್ಲಿ ಮಗುಚಿತು.

"ಕಾರ್ಡ್ ಡುಪ್ಲಿಕೇಟ್ ಕೊಟ್ಟವ್ನೆ ಯೋಗೀಶ!" ಎಂದು ಕೂಗಿದೆ.

"ಕಾರ್ಡ್ ಬಂಗಾರದಂಥದು. ತಪ್ಪು ಪ್ರಾಸೆಸರ್ದು" ಎಂದರು ರೇಣುಕಯ್ಯ. "ನೋಡು, ಮೋಡ ಎಲ್ಲಿರಬೇಕು, ಬೆಟ್ಟ ಎಷ್ಟೆತ್ತರ ಇರಬೇಕು, ವಿಮಾನ ಎಷ್ಟು ವಾಲಬೇಕು, ಇದೆಲ್ಲ ಲೆಕ್ಕ ಹಾಕೋದು ಪ್ರಾಸೆಸರ್ರು. ಅದು ಹೇಳಿದ್ದಕ್ಕೆ ಬಣ್ಣ ಬಳ್ಯೋದು ಕಾರ್ಡು. ನಿನ್ ಬಸ್ ತುಂಬಿ ತುಳುಕ್ತೈತೆ ಅನ್ಕೋ, ಕಂಡಕ್ಟರ್‌ಗೆ ತೊಂಬತ್ತು ವರ್ಷ. ಅವ್ನು ಎಲ್ಲಾರ್ಗೂ ಟಿಕೆಟ್ ಕೊಟ್ಟು ರೈಟ್ ಅನ್ನೋತಂಕ ನೀನೇನ್ ಮಾಡ್ತೀಯ?"

"ಕ್ಲಚ್ ತುಳ್ಕೊಂಡು ಕಾಯ್ತೀನಿ."

"ಅದೇ ಕೆಲ್ಸ ನಿನ್ ಕಾರ್ಡ್ ಮಾಡ್ತೈತೆ."

"ಹೊಸ ಪ್ರಾಸೆಸರ್ ಹಾಕಿದ್ರೆ?"

"ಈ ಬೋರ್ಡಿಗೆ ಹೊಸದು ಕೂರಾಕಿಲ್ಲ. ಬೋರ್ಡ್ ಬದಲಾಯಿಸ್ಬೇಕು. ಬೋರ್ಡ್ ಬದಲಾದ್ರೆ ಮೆಮೊರಿನೂ ಬದಲಾಯಿಸ್ಬೇಕು. ಡಬ್ಬ ನೀನೇ ಕುಯ್ದಾಕಿದೀಯ, ಅದೂ ಹೊಸದೇ ಬೇಕು."

"ಅಂದ್ರೆ ಹಳೇದ್ರಲ್ಲಿ ಉಳಿಯೋದು ಏನು?"

"ನೀನು" ಎಂದರು ರೇಣುಕಯ್ಯ.

ವೇದಾ ಅಂದು ಮೊದಲ ಸಲ ನಕ್ಕಳು.

ಆದರೂ ಆ ಪುಣ್ಯಾತ್ಮ ಕೈಬಿಡಲಿಲ್ಲ. "ಪ್ರಾಸೆಸರ್ ತಲೆಮೇಲಿನ ಭಾರ ಒಂಚೂರು ಇಳಿಸುವ" ಎಂದು ಏನೇನೋ ಒತ್ತಿ ಆಟದೊಳಗಿನ ಬೇರೆ ವಿಮಾನಗಳು, ರಸ್ತೆಯ ಕಾರು, ಲಾರಿ, ಎಲ್ಲವನ್ನೂ ಒಂದೇ ಏಟಿಗೆ ಆರಿಸಿದರು. ಟ್ರಾಫಿಕ್ ಆರಿಸುವ ಗುಂಡಿ! ಇಪ್ಪತ್ತೆರಡು ವರ್ಷದಿಂದ ನಾನು ಹುಡುಕುತ್ತಿದ್ದ ಗುಂಡಿ! ಚಿತ್ರಗಳು ಸ್ವಲ್ಪ ಬೇಗ ಬಂದವು. ಆದರೂ ಒಂದಾದ ಮೇಲೆ ಒಂದು, ಸಾವಕಾಶವಾಗಿ.

ನಾನು ಹನ್ನೊಂದು ಸಲ ಹೊರಟೆ. ಹನ್ನೊಂದು ಸಲ ಬಿದ್ದೆ. ಒಮ್ಮೆ ಬೇಲಿಗೆ, ಒಮ್ಮೆ ಗೋಪುರಕ್ಕೆ, ಒಮ್ಮೆ ಹೊರಡುವ ಮೊದಲೇ. ಒಂದು ಕುರಿಗೂ ತಾಗದ ಕೈ ಸರ್! ಹನ್ನೆರಡನೆಯ ಸಲಕ್ಕೆ ಹೆಬ್ಬೆರಳು ನೀವಿಕೊಳ್ಳುತ್ತಿದ್ದಾಗ ವೇದಾ, "ಏಳಿ, ನಾನೊಂದ್ಸಲ ನೋಡ್ತೀನಿ" ಅಂದಳು.

"ನಿನಗೆ ಸೈಕಲ್ಲೂ ಬರಲ್ಲ!"

"ಕೀಬೋರ್ಡ್ ಬರುತ್ತಲ್ಲ" ಎಂದು ಕೂತಳು. "ರೇಣುಕಣ್ಣ, ಸಮುದ್ರ ಇರೋ ಕಡೆ ಹಾಕಿಕೊಡಿ. ನಾನು ಸಮುದ್ರ ನೋಡಿಲ್ಲ."

ನಾನು ಅವಳ ಮುಖ ನೋಡಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷ. ಅವಳು ಸಮುದ್ರ ನೋಡಿಲ್ಲ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಕೇಳಿಯೇ ಇರಲಿಲ್ಲ.

ರೇಣುಕಯ್ಯ ಕಡಲ ಪಕ್ಕದ ಯಾವುದೋ ನಿಲ್ದಾಣ ಹಾಕಿದರು. ವೇದಾ ಒಂದು ಗುಂಡಿ ಒತ್ತಿದಳು. ಕೈ ತೆಗೆದಳು. ಮಡಿಲಲ್ಲಿಟ್ಟುಕೊಂಡು ಕಾದಳು. ವಿಮಾನ ಹೊರಟಿತು. ಇನ್ನೊಂದು ಒತ್ತಿದಳು. ಕಾದಳು. ಮೂತಿ ಎದ್ದಿತು.

"ಅಯ್ಯೋ, ಒತ್ತು, ಒತ್ತು!" ಎಂದು ನಾನು ಕುಣಿದೆ.

"ಈ ಕಂಪ್ಯೂಟರ್ ಜೊತೆ ಹನ್ನೆರಡು ವರ್ಷ ಏಗಿದೀನಿ" ಎಂದಳು ಪರದೆಯಿಂದ ಕಣ್ಣು ತೆಗೆಯದೆ. "ಒಂದ್ಸಲ ಹೇಳಬೇಕು, ಆಮೇಲೆ ಸುಮ್ನಿರಬೇಕು. ಅದಕ್ಕೆ ಕೇಳಿಸಿರುತ್ತೆ. ನಿಮ್ಮ ಥರ ಅಲ್ಲ."

ವಿಮಾನ ನೆಲ ಬಿಟ್ಟಿತು! ತೆಂಗಿನ ತೋಟ. ನಿಂತಿತು. ಮರಳು. ನಿಂತಿತು. ಆಮೇಲೆ ಪರದೆಯ ತುಂಬ ಸಮುದ್ರ. ಆ ಬಡಪಾಯಿ ಪ್ರಾಸೆಸರ್ರು ಒಂದೊಂದು ಅಲೆಯನ್ನೂ ಲೆಕ್ಕ ಹಾಕಿ ಹಾಕಿ ಕಾರ್ಡಿನ ಕೈಗೆ ಕೊಡುತ್ತಿತ್ತು. ಕಾರ್ಡು ಅದನ್ನು ಇಷ್ಟಿಷ್ಟೇ ಬಿಡಿಸಿ ನಮ್ಮ ಮುಂದೆ ಇಡುತ್ತಿತ್ತು. ಒಂದು ಅಲೆ ಎದ್ದು ನಿಂತರೆ ಅದರ ನೊರೆಯನ್ನು ಅಂಚಿನಿಂದ ಅಂಚಿಗೆ ನೋಡುವಷ್ಟು ಪುರಸೊತ್ತು. ಬಿಸಿಲು ನೀರಿನ ಮೇಲೆ ಬಿದ್ದಲ್ಲೇ ಬಿದ್ದಿರುತ್ತಿತ್ತು. ಒಂದು ಮೋಡ ನಮ್ಮ ರೆಕ್ಕೆಯ ಪಕ್ಕ ಬಂದು, ಹೋಗಲೋ ಬೇಡವೋ ಎಂದು ಯೋಚಿಸಿ, ಮೆಲ್ಲಗೆ ಹಿಂದೆ ಸರಿಯಿತು. ಯೋಗೀಶನ ಕಂಪ್ಯೂಟರಿನಲ್ಲಾಗಿದ್ದರೆ ಇದೆಲ್ಲ ಸರ್ರನೆ ಓಡಿಹೋಗುತ್ತಿತ್ತು. ಇಲ್ಲಿ ಸಮುದ್ರ ನಮಗಾಗಿ ನಿಂತು ನಿಂತು ಹೋಗುತ್ತಿತ್ತು.

ರೇಣುಕಯ್ಯ ರಿಪೇರಿ ಕೆಲಸ ಬಿಟ್ಟು ಬಂದು ನಿಂತರು. ಬೀದಿಯ ಗದ್ದಲ ಕೇಳಿಸದಾಯಿತು. ನನಗಂತೂ ಬೆಳಗಿನ ಮೊದಲ ಟ್ರಿಪ್ಪಿನ ಆ ಮಂಜೊಳಗೆ ಕೂತ ಹಾಗಾಯಿತು. ವೇದಾಳ ಮುಖದ ಮೇಲೆ ನೀಲಿ ಬೆಳಕು ಬಂದು ಬಂದು ಹೋಗುತ್ತಿತ್ತು.

"ಎಷ್ಟು ದೊಡ್ಡದಿದೆ ಅಲ್ವಾ?" ಅಂದಳು, ತನಗೇ ಹೇಳಿಕೊಂಡ ಹಾಗೆ.

"ಹೂಂ" ಅಂದೆ. ಬೇಸಿಗೆಯಲ್ಲಿ ರಜೆ ಹಾಕಿ ನಿಜವಾದದ್ದನ್ನೇ ತೋರಿಸುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಆ ದಿನ ನನ್ನ ಪ್ರತಿಜ್ಞೆಗಳಿಗೆ ಮಾರುಕಟ್ಟೆಯಲ್ಲಿ ಬೆಲೆ ಇರಲಿಲ್ಲ.

ಅವಳು ದೊಡ್ಡದೊಂದು ಸುತ್ತು ಹಾಕಿ, ಒಂದೊಂದೇ ಗುಂಡಿ ಒತ್ತುತ್ತಾ, ಕಾಯುತ್ತಾ, ತೆಂಗಿನ ತೋಟದ ಮೇಲಿಂದ ಇಳಿಸಿ ವಿಮಾನವನ್ನು ರನ್‌ವೇಯ ಬಿಳಿ ಗೆರೆಯ ಮೇಲೆ ತಂದು ಕೂರಿಸಿದಳು. ಒಂದು ಅಲುಗಾಟವಿಲ್ಲ! ರೇಣುಕಯ್ಯ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಕುರ್ಚಿಯ ಬೆನ್ನು ಹಿಡಿದುಕೊಂಡೆ. ಎಷ್ಟಾದರೂ ಸರ್ವೀಸ್ ಇರುವವನು ನಾನು. ಸಲಹೆ ಕೊಡುವುದು ಬೇಡವೇ?

ಅವಳು ಕುರ್ಚಿ ಬಿಡಲಿಲ್ಲ. ವಿಮಾನವನ್ನು ತಿರುಗಿಸಿ ನಿಲ್ಲಿಸಿ ಮತ್ತೆ ಹೊರಟಳು. ನೆಲ ಬಿಡುವುದೇ ತಡ, ನಾನು ಶುರು ಮಾಡಿದೆ. "ವೇದಾ, ಇಲ್ಲಿ ಸ್ವಲ್ಪ ಬಲಕ್ಕೆ ತಗೋ. ಅಲ್ಲಲ್ಲ, ಇನ್ನೂ ಬಲಕ್ಕೆ. ಮೂತಿ ಎತ್ತು. ಸ್ಪೀಡ್ ಇಳಿಸು. ನಾನು ಹೇಳೋದು ಕೇಳ್ತಿದ್ಯಾ? ನಾನು ಪಾವಗಡ ತಿರುವಿನಲ್ಲಿ ಏನ್ ಮಾಡ್ತೀನಿ ಅಂದ್ರೆ..."

ಅವಳು ತಿರುಗಿ ಕೂಡ ನೋಡಲಿಲ್ಲ. ಕಣ್ಣು ಸಮುದ್ರದ ಮೇಲೇ.

"ರೀ, ಇಪ್ಪತ್ತೆರಡು ವರ್ಷದಿಂದ ನಿಮ್ಮ ಸೀಟಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿದೆ. ಒಂದು ದಿನಾನಾದ್ರೂ ಓದಿದ್ರಾ? ವಾಹನ ಚಲಿಸುತ್ತಿರುವಾಗ ಚಾಲಕರೊಂದಿಗೆ ಮಾತನಾಡಬಾರದು!"